ಆರು ಚಕ್ರದ ಉಭಯಚರ ಗಾಡಿ: ಎರಡು ಲಿವರ್ ಇರಲೋ, ಡಿಫರೆನ್ಶಿಯಲ್ ಇರಲೋ?

ನೆಲದ ಮೇಲೂ ನೀರಿನಲ್ಲೂ ಓಡುವ ಆರು ಚಕ್ರದ ಗಾಡಿಯೊಂದನ್ನು ಸ್ವತಃ ಕಟ್ಟಿಕೊಳ್ಳಲು, ಇಲ್ಲವೇ ಹಳೆಯದೊಂದನ್ನು ತಂದು ಮಾರ್ಪಡಿಸಲು ಹೊರಡುವವರು ಮೊದಲು ವಿಚಾರಿಸುವುದು ಎಂಜಿನ್ ಎಷ್ಟು ಅಶ್ವಶಕ್ತಿಯದಿರಬೇಕು ಎಂದು. ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಈ ಗಾಡಿಗಳ ಮುಂದಿನ ಚಕ್ರಗಳು ಕಾರಿನವುಗಳಂತೆ ಎಡಕ್ಕೆ ಬಲಕ್ಕೆ ಹೊರಳುವುದಿಲ್ಲ. ಒಂದು ಪಕ್ಕದ ಮೂರೂ ಚಕ್ರಗಳು ಚೈನ್‌ಗಳಿಂದ ಒಂದಕ್ಕೊಂದು ಬಿಗಿದುಕೊಂಡಿದ್ದು ಸದಾ ಒಟ್ಟಿಗೇ ತಿರುಗುತ್ತವೆ, ಒಂದು ಪಕ್ಕ ನಿಧಾನವಾದಾಗ ಗಾಡಿ ಆ ಕಡೆಗೆ ತಿರುಗುತ್ತದೆ. ಆ ನಿಧಾನವನ್ನು ಯಾವ ಯಂತ್ರದಿಂದ ಉಂಟುಮಾಡುತ್ತೀರಿ ಎಂಬುದು ನಿರ್ಧಾರವಾದ ಮೇಲೆಯೇ ಎಂಜಿನ್, ಚೈನ್, ಟೈರ್ ಇವುಗಳ ಆಯ್ಕೆಗೆ ಅರ್ಥ ಬರುತ್ತದೆ.

ನಾನಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಟರ್ಲೂ ಪ್ರದೇಶದಲ್ಲಿ. ಈ ಜಾತಿಯ ಗಾಡಿಗಳಿಗೆ ಇದನ್ನು ತವರೆಂದೇ ಹೇಳಬಹುದು. ಜಿಗರ್ ಎಂಬ ಪುಟ್ಟ ಆರು ಚಕ್ರದ ಗಾಡಿ 1960ರ ದಶಕದಲ್ಲಿ ಇದೇ ಪ್ರಾಂತ್ಯದಲ್ಲಿ ಹುಟ್ಟಿತು. ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ನ್ಯೂ ಹ್ಯಾಂಬರ್ಗ್ ಎಂಬ ಸಣ್ಣ ಊರಿನಲ್ಲಿ ಒಂಟಾರಿಯೊ ಡ್ರೈವ್ ಅಂಡ್ ಗಿಯರ್ ಸಂಸ್ಥೆ 1967ರಲ್ಲಿ ಆರ್ಗೋ ಗಾಡಿಯನ್ನು ಹೊರತಂದಿತು. ಗಡಿಯಾಚೆ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ, ಮ್ಯಾಕ್ಸ್ ಎಂಬ ಹೆಸರಿನವು ತಯಾರಾದವು. ಆದ್ದರಿಂದ ಇಲ್ಲಿನ ರೈತರ ಕೊಟ್ಟಿಗೆಗಳ ಹಿಂದೆ, ಬೇಟೆಗಾರರ ಶೆಡ್ಡುಗಳಲ್ಲಿ ಕೆಟ್ಟು ನಿಂತ ಹಳೆಯ ಗಾಡಿಗಳು ಇಂದಿಗೂ ಸಿಗುತ್ತವೆ. ನಾನು ಕಟ್ಟಿದ ಎರಡೂ ಅಂಥವೇ. ಎಂಜಿನ್, ಕ್ಲಚ್, ಚೈನ್, ವೈರಿಂಗ್ ಎಲ್ಲವನ್ನೂ ಬದಲಿಸಿರುವುದರಿಂದ ಮುಂದೆ ಹೇಳುವುದನ್ನು ಎರಡು ವಿನ್ಯಾಸಗಳ ಗುಣದೋಷವೆಂದು ಓದಬೇಕೇ ಹೊರತು ಯಾವ ಕಂಪನಿಯ ಮೇಲಿನ ತೀರ್ಪೆಂದಲ್ಲ.

ಮೊದಲನೆಯದು, ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಮುಟ್ಟಿಸುವ ಟಿ-20 ಎಂಬ ಟ್ರಾನ್ಸ್‌ಮಿಷನ್ ಇರುವ ಗಾಡಿ. ಬೋರ್ಗ್-ವಾರ್ನರ್ ಕಂಪನಿಯಿಂದ ಬಂದ ಈ ಪೆಟ್ಟಿಗೆಯನ್ನು ಮ್ಯಾಕ್ಸ್ ಸೇರಿದಂತೆ ಆ ಕಾಲದ ಹಲವು ಗಾಡಿಗಳು ಬಳಸಿದವು. ಚಾಲಕನ ಮುಂದೆ ಎರಡು ಲಿವರ್‌ಗಳಿರುತ್ತವೆ, ಪಕ್ಕಕ್ಕೊಂದರಂತೆ. ಎರಡನ್ನೂ ಮುಂದೆ ಬಿಟ್ಟರೆ ಗಾಡಿ ಮುಂದೆ ಹೋಗುತ್ತದೆ. ಒಂದನ್ನು ಸ್ವಲ್ಪ ಎಳೆದರೆ ಆ ಪಕ್ಕಕ್ಕೆ ಶಕ್ತಿ ನಿಲ್ಲುತ್ತದೆ. ಇನ್ನೂ ಎಳೆದರೆ ಒಳಗಿನ ಬ್ಯಾಂಡ್, ಅಂದರೆ ಸುತ್ತಿ ಹಿಡಿಯುವ ಪಟ್ಟಿ, ಬಿಗಿದು ಆ ಪಕ್ಕ ಹಿಮ್ಮುಖವಾಗಿ ತಿರುಗತೊಡಗುತ್ತದೆ. ಹೀಗಾಗಿ ಒಂದು ಪಕ್ಕ ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗಿ ಗಾಡಿ ನಿಂತಲ್ಲಿಯೇ ಸುತ್ತು ಹಾಕಬಲ್ಲುದು.

ಮಲೆನಾಡಿನ ಗದ್ದೆಯಲ್ಲಿ ಪವರ್ ಟಿಲ್ಲರ್ ಹಿಡಿದವರಿಗೆ ಇದು ಹೊಸದೆನಿಸದು. ಟಿಲ್ಲರ್‌ನಲ್ಲಿ ಹಿಡಿಯ ಕೆಳಗಿನ ಕ್ಲಚ್ಚನ್ನು ಅದುಮಿದಾಗ ಆ ಪಕ್ಕದ ಚಕ್ರಕ್ಕೆ ಶಕ್ತಿ ತಪ್ಪಿ ಯಂತ್ರ ಆ ಕಡೆಗೆ ಹೊರಳುತ್ತದೆ; ಆದರೆ ಇಳಿಜಾರಿನಲ್ಲಿ ಅದೇ ಕ್ಲಚ್ ಅದುಮಿದರೆ ಶಕ್ತಿ ತಪ್ಪಿದ ಚಕ್ರ ತಡೆಯಿಲ್ಲದೆ ಉರುಳಿ ಯಂತ್ರ ವಿರುದ್ಧ ದಿಕ್ಕಿಗೆ ತಿರುಗಿಬಿಡುತ್ತದೆ. ಟಿ-20 ಗಾಡಿಯೂ ಹೀಗೆಯೇ. ಕಡಿದಾದ ಇಳಿಜಾರಿನಲ್ಲಿ ಬಲ ಲಿವರನ್ನು ಅರ್ಧ ಮಾತ್ರ ಎಳೆದರೆ ಬಲಪಕ್ಕ ಬಿಡುಗಡೆಯಾಗಿ ಮೂತಿ ಎಡಕ್ಕೆ ಹೋಗುತ್ತದೆ. ಅಲ್ಲಿ ಲಿವರನ್ನು ಧೈರ್ಯವಾಗಿ ಬ್ಯಾಂಡ್ ಹಿಡಿಯುವವರೆಗೂ ಎಳೆಯಬೇಕು, ಆಗ ಬಲಪಕ್ಕ ಕಚ್ಚಿ ನಿಲ್ಲುತ್ತದೆ. ಕೈಗೆ ಇದು ಅಭ್ಯಾಸವಾಗುವವರೆಗೆ ಬೇರೆಯವರನ್ನು ಕೂರಿಸಿಕೊಂಡು ಇಳಿಜಾರಿಗೆ ಇಳಿಯಬಾರದು.

ಎರಡನೆಯದು ಡಿಫರೆನ್ಶಿಯಲ್ ಗಾಡಿ, ಅಂದರೆ ಬಲವನ್ನು ಎರಡು ಪಕ್ಕಗಳಿಗೂ ಹಂಚಿ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರ್ ಪೆಟ್ಟಿಗೆಯದು. ಇದಕ್ಕೆ ಸೈಕಲ್ಲಿನಂಥ ಹ್ಯಾಂಡಲ್ ಇದ್ದು, ಅದನ್ನು ತಿರುಗಿಸಿದಾಗ ಆ ಪಕ್ಕದ ಡಿಸ್ಕ್ ಬ್ರೇಕ್ ಹಿಡಿಯುತ್ತದೆ. ಸಾದಾ ಡಿಫರೆನ್ಶಿಯಲ್‌ನ ನಿಯಮದಂತೆ ಒಂದು ಪಕ್ಕ ಪೂರ್ತಿ ನಿಂತರೆ ಇನ್ನೊಂದು ಪಕ್ಕ ಇಮ್ಮಡಿ ವೇಗದಲ್ಲಿ ತಿರುಗುತ್ತದೆ, ಆದರೆ ಅದಕ್ಕೆ ಸಿಗುವ ತಿರುಚು ಬಲ ಪೆಟ್ಟಿಗೆಗೆ ಬಂದದ್ದರ ಅರ್ಧ ಮಾತ್ರ. ಉಳಿದರ್ಧ ಹಿಡಿದು ನಿಂತ ಬ್ರೇಕಿನ ಮೇಲೆಯೇ ಬೀಳುತ್ತದೆ. ಟಿ-20ಯಲ್ಲಿ ಹೊರಪಕ್ಕದ ವೇಗ ಬದಲಾಗುವುದಿಲ್ಲ, ಎಂಜಿನ್ನಿನ ಬಲವೆಲ್ಲ ಅದಕ್ಕೇ ಹೋಗುತ್ತದೆ. ಎರಡು ಗಾಡಿಗಳ ಸ್ವಭಾವದಲ್ಲಿ ನಾನು ಕಂಡ ಭೇದಗಳಲ್ಲಿ ಬಹುಪಾಲು ಈ ಒಂದು ಲೆಕ್ಕದಿಂದಲೇ ಹುಟ್ಟಿದವು.

ಹೋಲಿಕೆಗೆ ಒದಗಿದ್ದು ಇದೇ ಪ್ರಾಂತ್ಯದ ಹ್ಯಾಲಿಬರ್ಟನ್ ಕಡೆಯಲ್ಲಿ ಸ್ನೇಹಿತರೊಬ್ಬರಿಗೆ ಇರುವ ಕಾಡು. ಅಲ್ಲಿ ಗ್ರಾನೈಟ್ ಬಂಡೆ ಎಲ್ಲಿ ಬೇಕೆಂದರಲ್ಲಿ ಮೇಲೆದ್ದಿರುತ್ತದೆ. ಬಂಡೆ ಮುಗಿದಲ್ಲಿ ಬೀವರ್‌ಗಳು ಅಣೆ ಕಟ್ಟಿದ ಹೊಂಡ, ಅದರ ಸುತ್ತ ಕಾಲಿಟ್ಟರೆ ನಡುಗುವ ಜೌಗು. ಜೌಗಿನಲ್ಲಿ ಟಿ-20 ಗಾಡಿಯೇ ಮೇಲು. ಎರಡೂ ಲಿವರ್ ಮುಂದಿದ್ದಾಗ ಎರಡು ಪಕ್ಕಗಳೂ ಒಂದೇ ಅಚ್ಚಿಗೆ ಬೆಸೆದಂತೆ ಸಮವೇಗದಲ್ಲಿ ತಿರುಗುವುದರಿಂದ ಒಂದು ಪಕ್ಕ ಹಿಡಿತ ತಪ್ಪಿದರೂ ಇನ್ನೊಂದು ಎಳೆದೊಯ್ಯುತ್ತದೆ. ಡಿಫರೆನ್ಶಿಯಲ್ ಗಾಡಿಯಲ್ಲಿ ಹಿಡಿತ ತಪ್ಪಿದ ಪಕ್ಕ ಗಿರಗಿರ ತಿರುಗಿ ಕೆಸರೆರಚುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ತಿರುಗುತ್ತಿರುವ ಪಕ್ಕದ ಬ್ರೇಕನ್ನು ಹದವಾಗಿ ಹಿಡಿದು ಶಕ್ತಿಯನ್ನು ಇನ್ನೊಂದು ಕಡೆಗೆ ಕಳಿಸುವ ಉಪಾಯವಿದೆಯಾದರೂ ಅದನ್ನು ಮಾಡುವಾಗ ಹ್ಯಾಂಡಲ್ ತಿರುಗಿಸಿದ್ದರಿಂದ ಗಾಡಿ ದಾರಿ ತಪ್ಪುತ್ತದೆ. ಆಳವಾದ ಕೆಸರಿನಲ್ಲಿ ತಿರುಗಬೇಕಾದಾಗಲಂತೂ ಅರ್ಧ ಬಲದ ಕೊರತೆ ಎದ್ದು ಕಾಣುತ್ತದೆ: ಎಂಜಿನ್ ಉಸಿರುಗಟ್ಟುತ್ತದೆ, ಎಂಜಿನ್ನಿನಿಂದ ಪೆಟ್ಟಿಗೆಗೆ ಶಕ್ತಿ ಒಯ್ಯುವ ಬೆಲ್ಟಿನಿಂದ ಕಮಟು ವಾಸನೆ ಬರುತ್ತದೆ.

ಕಾಡಿನ ಹದವಾದ ದಾರಿಗೆ ಬಂದರೆ ಮಾತು ಪೂರ್ತಿ ತಿರುಗುಮುರುಗು. ಹ್ಯಾಂಡಲ್ಲನ್ನು ಒಂದಿಷ್ಟೇ ಒತ್ತಿದರೂ ಡಿಫರೆನ್ಶಿಯಲ್ ಗಾಡಿ ನಯವಾಗಿ ಬಾಗುತ್ತದೆ, ಎರಡೂ ಪಕ್ಕ ತಿರುಗುತ್ತಲೇ ಇರುತ್ತವೆ. ಟಿ-20 ಗಾಡಿಯಲ್ಲಿ ಪ್ರತಿ ತಿರುವೂ ಒಂದೊಂದು ಜಗ್ಗು. ಗಂಟೆಗೆ 25 ಕಿಲೋಮೀಟರ್ ದಾಟಿದ ಮೇಲೆ ನಾನು ಅದನ್ನು ಓಡಿಸುವುದಿಲ್ಲ, ಓಡಿಸಲು ಮನಸ್ಸೂ ಬಾರದು. ಮನೆಯವರನ್ನು, ಮಕ್ಕಳನ್ನು ಕೂರಿಸಿಕೊಂಡು ಹೋಗುವ ಉದ್ದೇಶವಿದ್ದವರು ಈ ಒಂದು ಕಾರಣಕ್ಕೇ ಡಿಫರೆನ್ಶಿಯಲ್ ಗಾಡಿಯನ್ನು ಆರಿಸಿಕೊಳ್ಳಬಹುದು. ಆರ್ಗೋದ ಈಚಿನ ಗಾಡಿಗಳಲ್ಲಿರುವ ಮೂರು ಡಿಫರೆನ್ಶಿಯಲ್‌ಗಳ ಪೆಟ್ಟಿಗೆ ಇದಕ್ಕಿಂತಲೂ ನಯವೆಂದು ಒಮ್ಮೆ ಹ್ಯಾಂಡಲ್ ಹಿಡಿದು ನೋಡಿದಾಗ ನನಗೂ ಅನ್ನಿಸಿತು. ಆದರೆ ಅದು ಹಳೆ ಗಾಡಿಗೆ ಕೂರಿಸುವ ಬೆಲೆಯದಲ್ಲ.

ನೀರಿನಲ್ಲಿ ಎರಡಕ್ಕೂ ಅಂತರ ಕಡಿಮೆ. ಟೈರಿನ ಗೆರೆಗಳೇ ಹುಟ್ಟಿನಂತೆ ನೀರನ್ನು ತಳ್ಳುತ್ತವೆ. ಗಂಟೆಗೆ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚು ನಿರೀಕ್ಷಿಸಬಾರದು, ಎದುರು ಗಾಳಿಯಿದ್ದರೆ ಅದೂ ಇಲ್ಲ. ದಂಡೆಯ ಬಳಿ ಹೂಳಿನಲ್ಲಿ ನಿಂತಲ್ಲೇ ತಿರುಗಿ ಹೊರಬರಲು ಟಿ-20 ಸುಲಭ. ದೊಡ್ಡ ಕೆರೆ ದಾಟುವವರು ಹಿಂಭಾಗಕ್ಕೆ ಬ್ರಾಕೆಟ್ ಕೂರಿಸಿ ಸಣ್ಣ ಔಟ್‌ಬೋರ್ಡ್ ಮೋಟರ್ ಹಾಕುತ್ತಾರೆ. ಹಾಗೆ ಮಾಡಿದಾಗ ಹಿಂದಿನ ಅಂಚು ನೀರಿಗೆ ಎಷ್ಟು ಸಮೀಪವಾಗುತ್ತದೆ ಎಂಬುದನ್ನು ಸಾಮಾನು ತುಂಬಿಯೇ ಪರೀಕ್ಷಿಸಬೇಕು. ನೀರು ಒಳಬರುವುದು ಹೆಚ್ಚಾಗಿ ಆಕ್ಸಲ್ ಹೊರಬೀಳುವ ಆರು ತೂತುಗಳಿಂದ. ಅಲ್ಲಿನ ಬೇರಿಂಗ್‌ಗೆ ನೀರಿಗಿಳಿಯುವ ಮುನ್ನವೂ ಮೇಲೆ ಬಂದ ಮೇಲೂ ಗ್ರೀಸ್ ಗನ್ನಿನಿಂದ ಗ್ರೀಸ್ ಒತ್ತಿದರೆ ಮೊದಲು ಹಾಲಿನ ಬಣ್ಣದ್ದು ಹೊರಬರುತ್ತದೆ, ಅದು ನೀರು ಕೂಡಿದ್ದು; ಶುದ್ಧ ಬಣ್ಣದ ಗ್ರೀಸ್ ಕಾಣುವವರೆಗೆ ಒತ್ತಬೇಕು.

ಈಗ ಎಂಜಿನ್. ಹಳೆಯ ಟೂ-ಸ್ಟ್ರೋಕ್‌ಗಳನ್ನು ತೆಗೆದು ಫೋರ್-ಸ್ಟ್ರೋಕ್ ವಿ-ಟ್ವಿನ್ ಕೂರಿಸುವುದು ವಾಡಿಕೆ. ಎರಡೂ ಗಾಡಿಗಳಿಗೆ ನಾನು ಹಾಕಿದ್ದು 18 ಅಶ್ವಶಕ್ತಿಯವು, ಅದಕ್ಕಿಂತ ಹೆಚ್ಚು ಬೇಕೆಂದು ನನಗೆ ಅನ್ನಿಸಿಲ್ಲ. ಇಂಥ ಎಂಜಿನ್‌ಗಳನ್ನು ಗವರ್ನರ್ ನಿಮಿಷಕ್ಕೆ 3600 ಸುತ್ತಿಗೆ ತಡೆಯುತ್ತದೆ. ಟೂ-ಸ್ಟ್ರೋಕ್‌ಗಳು ಅದಕ್ಕಿಂತ ಬಹಳ ಮೇಲೆ ಓಡುತ್ತಿದ್ದುದರಿಂದ ಹಳೆಯ ಬೆಲ್ಟ್ ಕ್ಲಚ್ಚಿನ ತೂಕ, ಸ್ಪ್ರಿಂಗ್‌ಗಳನ್ನು ಹಾಗೆಯೇ ಬಿಟ್ಟರೆ ಕ್ಲಚ್ ಪೂರ್ತಿ ಹಿಡಿಯುವ ಮೊದಲೇ ಎಂಜಿನ್ ತನ್ನ ಮಿತಿ ಮುಟ್ಟಿರುತ್ತದೆ, ಬೆಲ್ಟ್ ಜಾರಿ ಸುಡುತ್ತದೆ. ಹೊಸ ತೂಕ ಮತ್ತು ಸ್ಪ್ರಿಂಗ್ ಹಾಕುವ ಖರ್ಚು ಹೆಚ್ಚಿನ ಐದು ಅಶ್ವಶಕ್ತಿಗೆ ತೆರುವ ಹಣಕ್ಕಿಂತ ಕಡಿಮೆ, ಫಲ ಅದಕ್ಕಿಂತ ಹೆಚ್ಚು. ಇನ್ನೊಂದು ಮಾತು: ಗಾಡಿಯ ಒಡಲು ಮುಚ್ಚಿದ ತೊಟ್ಟಿ, ಗಾಳಿಯಿಂದ ತಂಪಾಗುವ ಎಂಜಿನ್ ಅಲ್ಲಿ ತನ್ನ ಬಿಸಿಯನ್ನೇ ಮತ್ತೆ ಉಸಿರಾಡುತ್ತದೆ. ಬಿಸಿಗಾಳಿಯನ್ನು ಹೊರಗೆ ಒಯ್ಯುವ ತಗಡಿನ ದಾರಿಯನ್ನು ಎಂಜಿನ್ ಕೂರಿಸುವಾಗಲೇ ಯೋಚಿಸಬೇಕು.

ಚೈನ್ ವಿಷಯದಲ್ಲಿ ಟಿ-20 ದುಬಾರಿ. ಬಲವೆಲ್ಲ ಒಂದೇ ಪಕ್ಕಕ್ಕೆ ಹೋಗುವ ಯಂತ್ರದಲ್ಲಿ ಆ ಪಕ್ಕದ ಚೈನೂ ಅದನ್ನು ಹೊರಬೇಕಲ್ಲ! 50 ನಂಬರಿನ ಚೈನ್ ಬೇಗ ಉದ್ದವಾಗಿ ಜೋಲು ಬಿದ್ದದ್ದರಿಂದ ನಾನು ಸ್ಪ್ರಾಕೆಟ್ ಸಮೇತ ಅದಕ್ಕಿಂತ ದಪ್ಪನೆಯ 60 ನಂಬರಿಗೆ ಬದಲಾಯಿಸಿದೆ. ಡಿಫರೆನ್ಶಿಯಲ್ ಗಾಡಿಯಲ್ಲಿ ಚೈನ್ ಬಾಳಿಕೆ ಬರುತ್ತದೆ, ಸವೆಯುವುದು ಬ್ರೇಕ್ ಪ್ಯಾಡ್. ಎರಡಕ್ಕೂ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಏನೂ ಇಲ್ಲ. 2ರಿಂದ 3 ಪಿಎಸ್‌ಐ ಗಾಳಿಯ ಟೈರೇ ಎಲ್ಲ. ನಡುವಿನ ಟೈರುಗಳಿಗೆ ಅರ್ಧ ಪಿಎಸ್‌ಐ ಹೆಚ್ಚು ಹಾಕಿದರೆ ಗಾಡಿ ನಡುಚಕ್ರದ ಮೇಲೆ ತುಸು ಎದ್ದು ನಿಂತು ತಿರುಗುವ ಶ್ರಮ ಕಡಿಮೆಯಾಗುತ್ತದೆ, ವಿಶೇಷವಾಗಿ ಬಂಡೆಯ ಮೇಲೆ.

ಚಕ್ರಗಳ ಮೇಲೆ ಟ್ಯಾಂಕಿನಂಥ ರಬ್ಬರ್ ಟ್ರ್ಯಾಕ್ ತೊಡಿಸುವುದನ್ನು ಹಿಮದಲ್ಲಿ ಎರಡಕ್ಕೂ ಪ್ರಯತ್ನಿಸಿದ್ದೇನೆ. ತೇಲಿದಂತೆ ಹೋಗುತ್ತವೆ, ನಿಜ. ಆದರೆ ತಿರುಗುವ ಭಾರ ಎಷ್ಟು ಹೆಚ್ಚುತ್ತದೆಯೆಂದರೆ ಡಿಫರೆನ್ಶಿಯಲ್ ಗಾಡಿಯ ಡಿಸ್ಕ್‌ಗಳು ಕೈಯಿಡಲಾಗದಷ್ಟು ಬಿಸಿಯಾದವು. ವರ್ಷವಿಡೀ ಟ್ರ್ಯಾಕ್ ಇರಬೇಕೆನ್ನುವವರಿಗೆ ನನ್ನ ಸಲಹೆ ಟಿ-20.

ಒಡಲಿನ ಪ್ಲಾಸ್ಟಿಕ್ ಯಾವುದೆಂದು ಕೊಳ್ಳುವ ಮುನ್ನ ತಿಳಿಯಿರಿ. ಎಚ್‌ಡಿಪಿಇ ಆಗಿದ್ದರೆ ಯಾವ ಅಂಟೂ ನಿಲ್ಲದು, ಬಿಸಿಗಾಳಿಯಿಂದ ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ ಬೆಸೆಯಬೇಕು. ಎಬಿಎಸ್ ಆಗಿದ್ದರೆ ಅದರ ಚೂರುಗಳನ್ನೇ ಅಸಿಟೋನಿನಲ್ಲಿ ಕರಗಿಸಿ ಮೆತ್ತಬಹುದು. ಆಮೇಲೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ ಚಕ್ರಗಳು ನೆಲ ಬಿಡುವಂತೆ ಮಾಡಿ ಎಂಜಿನ್ ಚಾಲೂ ಮಾಡಿಸಿ. ಟಿ-20 ಆದರೆ ಒಂದೊಂದೇ ಲಿವರನ್ನು ನಿಧಾನವಾಗಿ ಎಳೆಯಿರಿ: ಮೊದಲು ಚಕ್ರ ಶಕ್ತಿ ಬಿಡಬೇಕು, ಆಮೇಲೆ ಜಾರದೆ ಹಿಂದಕ್ಕೆ ತಿರುಗಬೇಕು, ಹಿಂದಕ್ಕೆ ಹೋಗುವಾಗ ತಡವರಿಸಿದರೆ ಬ್ಯಾಂಡ್ ಸವೆದಿದೆ, ಪೆಟ್ಟಿಗೆ ಬಿಚ್ಚುವ ಕೆಲಸ ಕಾದಿದೆ ಎಂದು ಬೆಲೆ ಮಾತಾಡಿ. ಡಿಫರೆನ್ಶಿಯಲ್ ಆದರೆ ಹ್ಯಾಂಡಲ್ ಪೂರ್ತಿ ತಿರುಗಿಸಿ: ಆ ಪಕ್ಕ ಸಂಪೂರ್ಣ ನಿಂತು ಇನ್ನೊಂದು ಪಕ್ಕ ವೇಗ ಹೆಚ್ಚಿಸಿಕೊಳ್ಳಬೇಕು. ನಿಲ್ಲದೆ ತೆವಳುತ್ತಿದ್ದರೆ ಪ್ಯಾಡ್ ಸವೆದಿರಬಹುದು, ಬ್ರೇಕ್ ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಎರಡೂ ಒಂದು ಮಧ್ಯಾಹ್ನದಲ್ಲಿ ಸರಿಹೋಗುವ ಕೆಲಸಗಳು.