ವಿಷುಯಲ್ ಫಾಕ್ಸ್‌ಪ್ರೊ 9: ಕ್ವೆರಿ ಫಲಿತಾಂಶ ಕರ್ಸರ್‌ನಲ್ಲಿಡಿ, ಟೇಬಲ್ ಬೇಕಾದಾಗ ಮಾತ್ರ

ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಅದಕ್ಕೆ ಬಹಳ ವರ್ಷಗಳಿಂದ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಮಿಂಗ್ ಭಾಷೆ ವಿಷುಯಲ್ ಫಾಕ್ಸ್‌ಪ್ರೊ 9 ಬಳಸುತ್ತಿದ್ದೇನೆ. ಇದು ಬಂದದ್ದು 2004ರಲ್ಲಿ. ಮುಂದಿನ ಆವೃತ್ತಿ ಇಲ್ಲ ಅಂತ ಮೈಕ್ರೋಸಾಫ್ಟ್ 2007ರಲ್ಲೇ ಹೇಳಿಬಿಟ್ಟಿತು, 2015ರ ಜನವರಿಗೆ ಬೆಂಬಲವೂ ನಿಂತಿತು. ಆದರೂ ನಾನು ಬಿಟ್ಟಿಲ್ಲ, ಅದಕ್ಕೆ ದೊಡ್ಡ ಕಾರಣ ಇದರ ಕರ್ಸರ್, ಅಂದರೆ ಕ್ವೆರಿಯ (ಡೇಟಾ ಹುಡುಕಿ ತೆಗೆಯುವ ಆಜ್ಞೆಯ) ಫಲಿತಾಂಶ ಇಡುವ ಜಾಗ.

ಎಸ್‌ಕ್ಯೂಎಲ್ ಸರ್ವರ್‌ನ (ಮೈಕ್ರೋಸಾಫ್ಟ್‌ನ ಇನ್ನೊಂದು ಡೇಟಾಬೇಸ್) ಕರ್ಸರ್ ಥರ ಒಂದೊಂದೇ ಸಾಲು ಎಳೆಯುವಂಥದ್ದಲ್ಲ ಇದು. ಸೆಲೆಕ್ಟ್ ಕ್ವೆರಿ ಬರೆದು ಕೊನೆಗೆ 'ಇಂಟು ಕರ್ಸರ್' ಅಂತ ಒಂದು ಹೆಸರು ಕೊಟ್ಟರೆ ಸಾಕು, ಫಲಿತಾಂಶ ಪೂರ್ತಿ ತಾತ್ಕಾಲಿಕ ಟೇಬಲ್ ಆಗಿ ಸಿಗುತ್ತದೆ. ಬ್ರೌಸ್ ಮಾಡಿ, ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಹಾಕಿ, ಬೇರೆ ಟೇಬಲ್ ಜೊತೆ ಜಾಯಿನ್ ಮಾಡಿ, ರಿಪೋರ್ಟ್‌ಗೆ ಕೊಡಿ. ಮುಚ್ಚಿದ ಕೂಡಲೇ ಮಾಯ. ಚಿಕ್ಕದಾದರೆ ಮೆಮೊರಿಯಲ್ಲೇ ಇರುತ್ತದೆ, ದೊಡ್ಡದಾದರೆ ಟೆಂಪ್ ಫೋಲ್ಡರಿಗೆ ಹೋಗುತ್ತದೆ. ಆ ಫೋಲ್ಡರ್ ಮಾತ್ರ ಲೋಕಲ್ ಡಿಸ್ಕ್‌ನಲ್ಲೇ ಇರಲಿ, ನೆಟ್‌ವರ್ಕ್ ಮೇಲಿದ್ದರೆ ಸುಮ್ನೆ ನಿಧಾನ ಆಗುತ್ತದೆ.

'ಇಂಟು ಟೇಬಲ್' ಹಾಕಿದರೆ ಡಿಸ್ಕ್ ಮೇಲೆ ಉಳಿಯುವ ನಿಜವಾದ ಡಿಬಿಎಫ್ (ಫಾಕ್ಸ್‌ಪ್ರೊ ಟೇಬಲ್) ಫೈಲ್ ಹುಟ್ಟುತ್ತದೆ. ತೊಂದರೆ ಶುರುವಾಗುವುದು ಅಲ್ಲೇ. ನನ್ನ ಕೈಗೆ ಬಂದ ಒಂದು ಹಳೇ ಪ್ರೋಗ್ರಾಮಿನಲ್ಲಿ ಸಾಲ ಬಾಕಿ ಪಟ್ಟಿಯ ಕ್ವೆರಿ, ಎಲ್ಲ ಮಷೀನುಗಳೂ ಬಳಸುವ ಫೋಲ್ಡರಿನಲ್ಲಿ ಟೆಂಪ್1 ಅನ್ನುವ ಟೇಬಲ್ ಬರೆಯುತ್ತಿತ್ತು. ತಿಂಗಳ ಕೊನೆಗೆ ಎರಡು ಕೌಂಟರಿನವರೂ ಒಟ್ಟಿಗೆ ಬಟನ್ ಒತ್ತಿದರೆ ಒಬ್ಬರಿಗೆ ಪಟ್ಟಿ ಬರುತ್ತಿತ್ತು, ಇನ್ನೊಬ್ಬರಿಗೆ ಫೈಲ್ ಬಳಕೆಯಲ್ಲಿದೆ ಅನ್ನುವ ಎರರ್. ಮ್ಯಾನೇಜರ್ ಬಂದು "ಸರ್, ಪಕ್ಕದ ಕಂಪ್ಯೂಟರ್ ಆಫ್ ಮಾಡಿದ್ರೆ ಸರಿಹೋಗುತ್ತೆ" ಅಂದರು! ಕರ್ಸರ್‌ಗೆ ಬದಲಾಯಿಸಿದ ಮೇಲೆ ಆ ರಗಳೆಯೇ ಇಲ್ಲ, ಯಾಕೆಂದರೆ ಪ್ರತಿ ಮಷೀನಿಗೂ ಅದರದ್ದೇ ಕರ್ಸರ್, ಹೆಸರು ಒಂದೇ ಆದರೂ ಒಂದಕ್ಕೊಂದು ತಾಗುವುದಿಲ್ಲ. ಇನ್ನು ಸೇಫ್ಟಿ (ಹಳೇ ಫೈಲ್ ಮೇಲೆ ಬರೆಯುವ ಮುಂಚೆ ಕೇಳುವ ಸೆಟ್ಟಿಂಗ್) ಆಫ್ ಮಾಡಿಟ್ಟಿದ್ದರೆ 'ಇಂಟು ಟೇಬಲ್' ಅದೇ ಹೆಸರಿನ ಹಳೇ ಫೈಲ್ ಮೇಲೆ ಒಂದು ಮಾತೂ ಕೇಳದೆ ಬರೆದುಬಿಡುತ್ತದೆ. ಲೆಕ್ಕದ ಕೆಲಸದಲ್ಲಿ ಇದು ಭಯಂಕರ ಅಲ್ವಾ?

ಕರ್ಸರ್‌ನಲ್ಲೂ ಒಂದು ಕಡೆ ಹುಷಾರಾಗಿರಬೇಕು. ಒಂದೇ ಟೇಬಲ್‌ನ ಕ್ವೆರಿ, ಇಂಡೆಕ್ಸ್ ಪೂರ್ತಿ ಹೊಂದುತ್ತದೆ ಅಂತಾದರೆ ಫಾಕ್ಸ್‌ಪ್ರೊ ಹೊಸದಾಗಿ ಏನೂ ಬರೆಯದೆ ಮೂಲ ಟೇಬಲ್ಲನ್ನೇ ಇನ್ನೊಮ್ಮೆ ತೆರೆದು ಫಿಲ್ಟರ್ ಹಾಕಿ ಕೊಡಬಹುದು. ಕರ್ಸರಿನ ಫೈಲ್ ಯಾವುದು ಅಂತ ಡಿಬಿಎಫ್() ಫಂಕ್ಷನ್ ಕೇಳಿ ನೋಡಿ, ಟಿಎಂಪಿ (ತಾತ್ಕಾಲಿಕ) ಫೈಲ್ ಬದಲು ಮೂಲ ಟೇಬಲ್ ಹೆಸರೇ ಬರುತ್ತದೆ. ವೇಗ ಜಾಸ್ತಿ, ನಿಜ. ಆದರೆ ಆ ಕರ್ಸರ್ ಮೇಲೆ ಇನ್ನೊಂದು ಕ್ವೆರಿ ಓಡಿಸುವುದಿದ್ದರೆ ಫಲಿತಾಂಶವನ್ನು ಬೇರೆಯಾಗಿಯೇ ಬರೆಸುವ 'ನೋಫಿಲ್ಟರ್' ಸೇರಿಸಲೇಬೇಕು. ಸಾಲುಗಳನ್ನು ತಿದ್ದುವುದಿದ್ದರೆ 'ರೀಡ್‌ರೈಟ್', ಇದು ಆವೃತ್ತಿ 7ರಿಂದ ಇದೆ. ಇನ್ನೊಂದು: ಪ್ರೈವೇಟ್ ಡೇಟಾ ಸೆಷನ್ (ತೆರೆದ ಟೇಬಲ್, ಕರ್ಸರ್‌ಗಳಿಗೆ ತನ್ನದೇ ಪ್ರತ್ಯೇಕ ಜಾಗ) ಇರುವ ಫಾರ್ಮ್‌ನ ಕರ್ಸರ್ ಬೇರೆ ಸೆಷನ್‌ಗೆ ಕಾಣುವುದಿಲ್ಲ. ಹೊಸಬರು ಇಲ್ಲಿ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ.

ಹಾಗಂತ ಟೇಬಲ್ ಬೇಡವೇ ಬೇಡ ಅಂತಲ್ಲ. ವರ್ಷಾಂತ್ಯದ ಬಡ್ಡಿ ಲೆಕ್ಕ ಹಂತ ಹಂತವಾಗಿ ಓಡುವಾಗ ಕರೆಂಟ್ ಹೋದರೆ ಕರ್ಸರ್ ಎಲ್ಲ ಖಾಲಿ. ಅಲ್ಲಿ ನಾನು ಪ್ರತಿ ಹಂತವನ್ನೂ ಟೇಬಲ್‌ಗೇ ಬರೆಯುತ್ತೇನೆ, ಆಡಿಟರ್ ಕೇಳಿದರೆ ತೋರಿಸಲೂ ಬರುತ್ತದೆ. ಬೇರೆ ಮಷೀನಿಗೆ ಫಲಿತಾಂಶ ಕೊಡುವುದಿದ್ದರೂ ಟೇಬಲ್ಲೇ ಸರಿ. ಫ್ರೀ (ಯಾವ ಡೇಟಾಬೇಸ್‌ಗೂ ಸೇರದ) ಟೇಬಲ್‌ನಲ್ಲಿ ಫೀಲ್ಡ್ ಹೆಸರು 10 ಅಕ್ಷರ ದಾಟುವಂತಿಲ್ಲ ಅನ್ನುವುದು ನೆನಪಿರಲಿ. ಟೆಂಪ್1, ಟೆಂಪ್2 ಅಂತೆಲ್ಲ ಹೆಸರಿಡುವ ಬದಲು ಸಿಸ್(2015) ಫಂಕ್ಷನ್ ಪ್ರತಿ ಸಲ ಹೊಸದಾಗಿ ಕೊಡುವ ಹೆಸರು ಬಳಸಿ, ಕೆಲಸ ಮುಗಿದ ಮೇಲೆ ಅಳಿಸುವ ಸಾಲನ್ನೂ ಅಲ್ಲೇ ಬರೆದಿಡಿ.