70 ರೂಪಾಯಿ ಕಮ್ಮಿ ಇತ್ತು, 1,888 ಕಿತ್ತುಕೊಂಡರು

ಹಳೇ ಸ್ಯಾಲರಿ ಅಕೌಂಟ್‌ನಿಂದ ಯಾರಿಗಾದರೂ ಸ್ಕೂಟರ್ ಕಂತೋ ಮೊಬೈಲ್ ಕಂತೋ ಕಟ್ ಆಗುತ್ತಿದ್ದರೆ ದಯವಿಟ್ಟು ಇದನ್ನು ಓದಿ. ಇವತ್ತೇ ಬ್ಯಾಲೆನ್ಸ್ ನೋಡಿಕೊಳ್ಳಿ.

ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ಕಂಪನಿ ಬದಲಾಯಿಸಿದಾಗ ಹೊಸಬರು ಬೇರೆ ಬ್ಯಾಂಕ್‌ನಲ್ಲಿ ಅಕೌಂಟ್ ಮಾಡಿಸಿದರು. ಸ್ಕೂಟರ್ ಕಂತು 2,860 ಮಾತ್ರ ಹಳೇದರಿಂದಲೇ ಹೋಗುತ್ತಿತ್ತು. ಕಂತು 5ಕ್ಕೆ, ಸಂಬಳ 7ಕ್ಕೆ. ಆ ತಿಂಗಳು ಅಕೌಂಟ್‌ನಲ್ಲಿ 2,790 ಇತ್ತು. 70 ರೂಪಾಯಿ ಕಮ್ಮಿ. ಬರೀ 70!

ಕಂತು ಬೌನ್ಸ್ ಆಯಿತು. ಮೆಸೇಜ್ ನೋಡಿದ ತಕ್ಷಣ ಅಕ್ಕನ ಹತ್ತಿರ 100 ರೂಪಾಯಿ ಹಾಕಿಸಿಕೊಂಡೆ. 2,890 ಆಯಿತಲ್ಲ, ಮತ್ತೆ ಬಂದಾಗ ಹೋಗುತ್ತೆ ಅಂತ ಸುಮ್ಮನಾದೆ. ಅಲ್ಲೇ ಮೋಸ ಹೋಗಿದ್ದು. ಅಷ್ಟರಲ್ಲಿ ಬ್ಯಾಂಕ್‌ನವರು ಬೌನ್ಸ್ ಚಾರ್ಜ್ 500, ಜಿಎಸ್‌ಟಿ 90, ಒಟ್ಟು 590 ತೆಗೆದುಕೊಂಡಿದ್ದರು. ಉಳಿದಿದ್ದು 2,300. 10ಕ್ಕೆ ಮತ್ತೆ ಬೌನ್ಸ್. ಮತ್ತೆ 590. ಅವರೇ ದುಡ್ಡು ತೆಗೆದು, ದುಡ್ಡಿಲ್ಲ ಅಂತ ಅವರೇ ದಂಡ ಹಾಕಿದರು! ತಿಂಗಳ ಕೊನೆಗೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ 708 ಹೋಯಿತು. ಸಂಬಳ ಬೀಳದೆ ಮೂರು ತಿಂಗಳಾದ ಮೇಲೆ ಅದು ಮಾಮೂಲಿ ಅಕೌಂಟ್ ಆಗಿತ್ತಂತೆ, 10,000 ಇಡಬೇಕಿತ್ತಂತೆ. ನನಗೆ ಯಾರೂ ಹೇಳಲಿಲ್ಲ. ಫೈನಾನ್ಸ್‌ನವರು ಬೇರೆ 500 ಹಾಕಿದರು, ಅದು ಈ ಲೆಕ್ಕದಲ್ಲಿಲ್ಲ.

ಅರ್ಧ ದಿನದ ಸಂಬಳ ಬಿಟ್ಟು ಬ್ಯಾಂಕ್‌ಗೆ ಹೋದೆ. "ಸಿಸ್ಟಮ್ ತಾನೇ ಕಟ್ ಮಾಡುತ್ತೆ, ನಮ್ಮ ಕೈಯಲ್ಲಿಲ್ಲ" ಅಂದರು. ಯಾಕೆ ತಿಳಿಸಲಿಲ್ಲ ಅಂತ ಕೇಳಿದೆ. "ಫಾರಂಗೆ ಸೈನ್ ಹಾಕಿದ್ದೀರಲ್ಲ" ಅಂದರು. ಆಮೇಲೆ ಒಳಗಿದ್ದವರು ಎಲ್ಲರ ಮುಂದೆ, "70 ರೂಪಾಯಿ ಇಟ್ಕೊಳೋಕೆ ಆಗಲ್ವೇನಮ್ಮ?" ಅಂದರು. ಹಿಂದೆ ಲೈನ್‌ನಲ್ಲಿ ಜನ ನಿಂತಿದ್ದರು. ನನಗೆ ಮಾತೇ ಹೊರಡಲಿಲ್ಲ. ಕಣ್ಣಲ್ಲಿ ನೀರು ಬಂತು. ಇಟ್ಕೊಳೋಕೆ ಆಗಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ? 10,000 ಇಡುವ ಶಕ್ತಿ ಇರುವವರಿಗೆ ಒಂದು ರೂಪಾಯಿ ದಂಡ ಇಲ್ಲ. ಇಲ್ಲದವರ ಹತ್ತಿರವೇ ಕೀಳುತ್ತಾರೆ. ಇದು ಯಾವ ನ್ಯಾಯ?

ಮನೆ ಹತ್ತಿರದ ಹುಡುಗ ಒಬ್ಬ ಹೇಳಿದ ಮೇಲೆ ಗೊತ್ತಾಯಿತು. 2015ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ನಿಯಮ ಇದೆ. ಮಿನಿಮಮ್ ಬ್ಯಾಲೆನ್ಸ್ ಕಮ್ಮಿಯಾದರೆ ಮೊದಲು ತಿಳಿಸಬೇಕು, ಸರಿ ಮಾಡಿಕೊಳ್ಳಲು ಒಂದು ತಿಂಗಳಾದರೂ ಟೈಮ್ ಕೊಡಬೇಕು. ಬರೀ ಈ ದಂಡದಿಂದಲೇ ಅಕೌಂಟ್ ಮೈನಸ್‌ಗೆ ಹೋಗಬಾರದು. ಇದನ್ನೇ ಬರೆದು ಕೊಟ್ಟು ಸೀಲ್ ಹಾಕಿಸಿಕೊಂಡೆ. 708 ವಾಪಸ್ ಬಂತು! ಕೈಯಲ್ಲಿಲ್ಲ ಅಂದಿದ್ದು ಕೈಗೆ ಹೇಗೆ ಬಂತು?

ಕೆಲಸ ಬಿಟ್ಟ ತಕ್ಷಣ ಕಂತನ್ನು ಹೊಸ ಅಕೌಂಟ್‌ಗೆ ಬದಲಾಯಿಸಿ, ಹಳೇದನ್ನು ಕ್ಲೋಸ್ ಮಾಡಿಸಿ. ಕಂತಿನ ತಾರೀಕು ಸಂಬಳದ ನಂತರ ಇರಲಿ. ಮಿನಿಮಮ್ ಬ್ಯಾಲೆನ್ಸ್ ಬೇಡದ ಬೇಸಿಕ್ ಉಳಿತಾಯ ಖಾತೆ ಕೇಳಿ, ಅದು ಎಲ್ಲಾ ಬ್ಯಾಂಕ್‌ನಲ್ಲೂ ಇರುತ್ತೆ, ಅವರಾಗಿ ಹೇಳುವುದಿಲ್ಲ ಅಷ್ಟೇ. ಒಂದು ಸಲ ಬೌನ್ಸ್ ಆದರೆ ನನ್ನ ಹಾಗೆ ಕಮ್ಮಿ ಇದ್ದಷ್ಟೇ ಹಾಕಬೇಡಿ, ಚಾರ್ಜ್ ಸೇರಿಸಿ ಹಾಕಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ (ಬ್ಯಾಂಕ್ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು, ದುಡ್ಡು ಕೇಳುವುದಿಲ್ಲ. ವಿಚಾರಿಸಲು 14448.

ಎರಡು ಬೌನ್ಸ್‌ಗೆ ತೆಗೆದ ನನ್ನ 1,180 ಇನ್ನೂ ಬಂದಿಲ್ಲ, ಅದಕ್ಕೆ ಉತ್ತರವೂ ಇಲ್ಲ. 30 ದಿನಕ್ಕೆ ಇನ್ನು 9 ದಿನ ಬಾಕಿ.