1984ರ ಆರೆಂಜ್ ಬೌಲ್: ನನ್ನ ಕ್ಯಾಸೆಟ್ಟಾ, ಡಿವಿಡಿನಾ, ಯೂಟ್ಯೂಬಾ?

ಆರೆಂಜ್ ಬೌಲ್ ಎಂಬ ಅಮೆರಿಕದ ಫುಟ್‌ಬಾಲ್ ಪಂದ್ಯದ ಮೂರು ಪ್ರತಿ ನನ್ನ ಕೈಗೆ ಸಿಕ್ಕಿವೆ, ಅವುಗಳಲ್ಲಿ ನೋಡಲು ಯಾವುದು ವಾಸಿ ಎಂಬುದು ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಯೂಟ್ಯೂಬ್. ಅದೂ ಯಾರೋ ಪುಣ್ಯಾತ್ಮ ತನ್ನ ಮನೆಯ ವಿಸಿಆರ್‌ನಲ್ಲಿ ಹಿಡಿದಿಟ್ಟು, ಒಂದು ಜಾಹೀರಾತನ್ನೂ ಕತ್ತರಿಸದೆ ಹಾಕಿರುವ ಪ್ರತಿ. ನನ್ನ ಸ್ವಂತ ಕ್ಯಾಸೆಟ್ಟಿಗೆ ಮೂರು ಸಾವಿರದ ನಾನೂರು ರೂಪಾಯಿ ಸುರಿದ ಮೇಲೆ ಬಂದ ಬುದ್ಧಿ ಇದು.

ಪಂದ್ಯ ನಡೆದದ್ದು 1984ರ ಜನವರಿ 2ರ ರಾತ್ರಿ, ಮಯಾಮಿಯಲ್ಲಿ. ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೂ ಮಯಾಮಿ ವಿಶ್ವವಿದ್ಯಾಲಯಕ್ಕೂ. ಫುಟ್‌ಬಾಲ್ ಎಂದರೆ ಕಾಲಲ್ಲಿ ಒದೆಯುವ ನಮ್ಮ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕದ್ದು. ನಾನಾಗ ನೆಬ್ರಾಸ್ಕಾದ ಲಿಂಕನ್‌ನಲ್ಲಿ ಎಂ.ಎಸ್. ಮಾಡುತ್ತಿದ್ದೆ. ಚಳಿಗಾಲದ ರಜೆಗೆ ಅಲ್ಲಿಯ ಹುಡುಗರೆಲ್ಲ ಊರು ಸೇರಿದ್ದರು. ಹೋಗಲು ಊರಿಲ್ಲದ ನಾವು ನಾಲ್ಕು ಜನ ಹಾಸನದ ಕಡೆಯ ಸೀನಿಯರ್ ಒಬ್ಬರ ಮನೆಯಲ್ಲಿ ಸಾರನ್ನ ಉಂಡು ಟಿವಿ ಮುಂದೆ ಕೂತಿದ್ದೆವು. ಆರು ತಿಂಗಳ ಹಿಂದೆ ಕಪಿಲ್ ದೇವ್ ಲಾರ್ಡ್ಸ್‌ನಲ್ಲಿ ಕಪ್ ಎತ್ತಿದ್ದನ್ನು ನೋಡಲು ಸಿಗದ ಹೊಟ್ಟೆಯುರಿ ಬೇರೆ ಇತ್ತು.

ಆ ಸೀನಿಯರ್ ಪಂದ್ಯವನ್ನು ರೆಕಾರ್ಡ್ ಮಾಡಿಕೊಂಡರು. ನಾನು ಊರಿಗೆ ಹೊರಡುವಾಗ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು. ಮೈಸೂರಿನ ಮನೆಯ ಅಟ್ಟದಲ್ಲಿ ಅದು ಬೇಕಾದಷ್ಟು ವರ್ಷ ಮಲಗಿತ್ತು. ನಿವೃತ್ತಿಯಾದ ಮೇಲೆ ಒಂದು ದಿನ ಧೂಳು ಕೊಡವಿ, ಹಳೇ ಕ್ಯಾಸೆಟ್ ಡಿಜಿಟಲ್ ಮಾಡಿಕೊಡುವ ಅಂಗಡಿಗೆ ಒಯ್ದೆ. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಒಂದು ವಾರ ಬಿಟ್ಟು ಪೆನ್‌ಡ್ರೈವ್ ಕೊಟ್ಟರು. ಬಣ್ಣವಿಲ್ಲ, ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇತ್ತು. ಧ್ವನಿಯಂತೂ ಗಂಟಲು ಕಟ್ಟಿದ ಬಾತುಕೋಳಿಯದು. "ಸಾರ್, ಕ್ಯಾಸೆಟ್ಟೇ ಹೋಗ್ಬಿಟ್ಟಿದೆ" ಅಂದ ಹುಡುಗ. ನಾನೂ ನಂಬಿ ಹಣ ಕೊಟ್ಟು ಬಂದೆ. ಕ್ಯಾಸೆಟ್ ಹೋಗಿರಲಿಲ್ಲ. ಅಮೆರಿಕದ ಟಿವಿ ಎನ್‌ಟಿಎಸ್‌ಸಿ ಪದ್ಧತಿಯದು, 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮದು ಪಾಲ್, 625 ಗೆರೆ, 25 ಚಿತ್ರ. ಅಂಗಡಿಯ ವಿಸಿಆರ್‌ಗೆ ಪಾಲ್ ಬಿಟ್ಟು ಬೇರೆ ಗೊತ್ತಿಲ್ಲ. ಸಾಲದ್ದಕ್ಕೆ ನಮ್ಮ ಸೀನಿಯರ್ ಎರಡು ಗಂಟೆಯ ಟೇಪನ್ನು ಆರು ಗಂಟೆಗೆ ಎಳೆಯುವ ನಿಧಾನ ವೇಗದಲ್ಲಿ ರೆಕಾರ್ಡ್ ಮಾಡಿದ್ದರು. ಆ ವೇಗಕ್ಕೆ ಇಲ್ಲಿಯ ಎಷ್ಟೋ ಯಂತ್ರಗಳು ಒಗ್ಗುವುದೇ ಇಲ್ಲ.

ಎರಡೂ ಪದ್ಧತಿ ಓಡಿಸುವ ವಿಸಿಆರ್ ಇಟ್ಟುಕೊಂಡವರು ಬೆಂಗಳೂರಿನಲ್ಲಿ ಸಿಕ್ಕರು. ಎರಡು ಸಲ ರೈಲು ಹತ್ತಿ ಇಳಿದೆ. ಈ ಸಲ ಬಣ್ಣ ಬಂತು, ಚಿತ್ರ ನಿಂತಿತು, ಅಂಚುಗಳಲ್ಲಿ ಮಾತ್ರ ಕೆಂಪು ಸೋರಿ ಹರಡಿಕೊಂಡಿತ್ತು. ಖುಷಿಯಿಂದ ನೋಡುತ್ತಾ ಕೂತರೆ ಇನ್ನೊಂದು ಪೀಡೆ. ಸೀನಿಯರ್ ಮಿತವ್ಯಯದ ಮನುಷ್ಯ. ಟೇಪ್ ಉಳಿದರೆ ಸಿನಿಮಾ ಹಿಡಿಯಬಹುದೆಂದು ಜಾಹೀರಾತು ಬಂದಾಗಲೆಲ್ಲ ರೆಕಾರ್ಡಿಂಗ್ ತಡೆಯುವ 'ಪಾಸ್' ಗುಂಡಿ ಒತ್ತಿದ್ದಾರೆ. ಒತ್ತಿದ್ದು ಸರಿ, ಬಿಡುವುದನ್ನು ಮರೆತಿದ್ದಾರೆ. ನೆಬ್ರಾಸ್ಕಾದವರು ಚೆಂಡನ್ನು ಬೇಕೆಂದೇ ನೆಲದ ಮೇಲೆ ಬಿಟ್ಟು, ಎದುರಾಳಿಗಳೆಲ್ಲ ಅತ್ತ ಓಡುತ್ತಿದ್ದಾಗ, ದೈತ್ಯ ಮೈಯ ಡೀನ್ ಸ್ಟೈನ್‌ಕೂಲರ್ ಅದನ್ನೆತ್ತಿಕೊಂಡು ಇತ್ತ 19 ಗಜ ಓಡಿದನಲ್ಲ, 'ಫಂಬಲರೂಸ್ಕಿ' ಎಂದು ಹೆಸರಾದ ಆ ಕಳ್ಳಾಟ ನನ್ನ ಟೇಪಿನಲ್ಲಿಲ್ಲ. ರಿಪ್ಲೇ ಮಾತ್ರ ಇದೆ. ಆ ಹೊತ್ತಿಗೆ ಅವರು ಅನ್ನದ ಕುಕ್ಕರ್ ಇಳಿಸಲು ಒಳಗೆ ಹೋಗಿದ್ದಿರಬೇಕು.

ಡಿವಿಡಿ ಕೊಂಡದ್ದು ಮಗಳ ಮನೆಗೆ ಸ್ಟೇಟ್ಸ್‌ಗೆ ಹೋದಾಗ. ಚಿತ್ರ ಕನ್ನಡಿಯಂತಿದೆ. ಆ ಕಳ್ಳಾಟವೂ ಇಡಿಯಾಗಿ ಇದೆ. ಅಮೆರಿಕದ ಡಿವಿಡಿ ಒಂದನೇ ವಲಯದ್ದು, ನಮ್ಮದು ಐದನೆಯದು, ಹಾಗಾಗಿ ಇಲ್ಲಿಯ ಪ್ಲೇಯರ್ ಅದನ್ನು ಉಗುಳಿತು. ಅದಕ್ಕೇನೋ ದಾರಿ ಸಿಕ್ಕಿತೆನ್ನಿ.

ಆದರೆ ಡಿವಿಡಿಯವರು ಆಟವನ್ನಷ್ಟೇ ಇಟ್ಟು ಉಳಿದದ್ದನ್ನೆಲ್ಲ ಕತ್ತರಿಸಿದ್ದಾರೆ. ಈ ಆಟದಲ್ಲಿ ಚೆಂಡು ಓಡುವುದು ನಾಲ್ಕಾರು ಸೆಕೆಂಡು, ಮಿಕ್ಕದ್ದು ನಿಲ್ಲುವುದು, ಗುಂಪು ಕೂಡುವುದು, ಯೋಚಿಸುವುದು. ಕೊನೆಯ ಗಳಿಗೆಯನ್ನೇ ನೋಡಿ. ಮೊದಲ ಕ್ವಾರ್ಟರ್‌ನಲ್ಲೇ 17-0 ಹಿಂದೆ ಬಿದ್ದಿದ್ದ ನೆಬ್ರಾಸ್ಕಾ, 48 ಸೆಕೆಂಡು ಉಳಿದಿದ್ದಾಗ ಜೆಫ್ ಸ್ಮಿತ್ 24 ಗಜ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ ಮೇಲೆ 31-30ಕ್ಕೆ ಬಂತು. ಈಗ ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಅಂಕ, ಪಂದ್ಯ ಸಮ. ಒದೆಯದೆ ಮತ್ತೊಮ್ಮೆ ಗೆರೆ ದಾಟಿಸಿದರೆ ಎರಡು ಅಂಕ, ಪಂದ್ಯ ಅವರದು. ಆಗ ಹೆಚ್ಚುವರಿ ಆಟವೆಂಬುದಿರಲಿಲ್ಲ. ಒಂದೂ ಪಂದ್ಯ ಸೋಲದೆ ಮೊದಲ ಸ್ಥಾನದಲ್ಲಿದ್ದ ನೆಬ್ರಾಸ್ಕಾಕ್ಕೆ ಸಮ ಸಿಕ್ಕಿದ್ದರೂ ಚಾಂಪಿಯನ್ ಪಟ್ಟ ಬಹುಪಾಲು ಅವರದೇ. ಕೋಚ್ ಟಾಮ್ ಆಸ್ಬರ್ನ್ ಒದೆಯಲು ಒಪ್ಪಲಿಲ್ಲ, ಎರಡು ಅಂಕಕ್ಕೇ ಕೈ ಹಾಕಿದರು. ನೆಬ್ರಾಸ್ಕಾದ ಟರ್ನರ್ ಗಿಲ್ ಎಸೆದ ಚೆಂಡಿಗೆ ಮಯಾಮಿಯ ಕೆನ್ ಕ್ಯಾಲ್‌ಹೂನ್‌ನ ಕೈ ತಗುಲಿತು. ಮುಗಿಯಿತು.

ಡಿವಿಡಿಯಲ್ಲಿ ಟಚ್‌ಡೌನ್, ಕಟ್, ಎಸೆತ, ಕಟ್. ನಾವು ನಾಲ್ಕು ಜನ ಉಸಿರು ಬಿಗಿಹಿಡಿದು ಕೂತಿದ್ದು ಆ ಎರಡು ಕಟ್‌ಗಳ ನಡುವಿನ ಹೊತ್ತಿನಲ್ಲಿ. ಇಪ್ಪತ್ತು ಡಾಲರ್ ತೆಗೆದುಕೊಂಡು ಅದನ್ನೇ ಬಿಸಾಕಿದ್ದಾರೆ.

ಯೂಟ್ಯೂಬ್ ಪ್ರತಿಯಲ್ಲಿ ಅದೆಲ್ಲ ಇದೆ. ಚಿತ್ರ ನನ್ನ ಕ್ಯಾಸೆಟ್ಟಿಗಿಂತ ಒಂದು ಕೈ ಮೇಲು ಅಷ್ಟೇ. ಖರ್ಚು ಸೊನ್ನೆ. ಹಕ್ಕಿನ ತಕರಾರಿನಿಂದ ಒಮ್ಮೆ ಮಾಯವಾಗಿತ್ತು, ಎರಡು ತಿಂಗಳ ಮೇಲೆ ಬೇರೆ ಹೆಸರಿನಲ್ಲಿ ಬಂತು. ಆ ಕಾಲದ ಕಾರು, ಟೈರುಗಳ ಜಾಹೀರಾತು ಬಂದಾಗ ಎದ್ದು ಕಾಫಿ ಬೆರೆಸಿಕೊಳ್ಳುತ್ತೇನೆ. ಭಾನುವಾರ ಊಟವಾದ ಮೇಲೆ ಮೂರು ಗಂಟೆ ಕಳೆಯಬೇಕಾದ ಪಿಂಚಣಿದಾರನಿಗೆ ಇದಕ್ಕಿಂತ ಬೇಕೇ? ಕೆಲಸಕ್ಕೆ ಹೋಗುವವರಾದರೆ, ಬೈದರೂ ಸರಿ, ಡಿವಿಡಿಯನ್ನೇ ನೋಡಿ. ಕಪಿಲ್ ಹೊಡೆದ 175ನ್ನು ನೋಡೋಣವೆಂದರೆ ವಿಡಿಯೋನೇ ಇಲ್ಲದ ದೇಶದವನು ನಾನು, ಮೂರು ಪ್ರತಿ ಸಿಕ್ಕಿರುವಾಗ ಇಷ್ಟು ಗೊಣಗಬಾರದು.

ಸೀನಿಯರ್ ಈಗ ಒಮಾಹಾದಲ್ಲಿದ್ದಾರೆ. ಲಿಂಕ್ ಕಳಿಸಿ, ಪಾಸ್ ಒತ್ತಿ ನನಗೆಷ್ಟು ಖರ್ಚು ತಂದಿಟ್ಟಿರಿ ಎಂದು ಫೋನಿನಲ್ಲಿ ಲೆಕ್ಕ ಒಪ್ಪಿಸಿದೆ. ಅವರಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. "ಒದ್ದಿದ್ರೆ ಸಾಕಾಗಿತ್ತು ಕಣಯ್ಯಾ" ಅಂದರು.